ಗೊತ್ತಿರುವ ಪದವನ್ನೇ ಎರಡು ಸಲ ನೋಡು

ಚಿ. ಸಿಂಧುಗೆ,

ಅತ್ತೆಯ ಆಶೀರ್ವಾದಗಳು.

ನಿನಗೆ ಸ್ಟುಟ್‌ಗಾರ್ಟ್‌ನಲ್ಲಿ ಸೀಟು ಸಿಕ್ಕಿದ್ದು, ವೀಸಾ ಬಂದದ್ದು ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಸಂತೋಷವಾಯಿತು. ಪಾಠವೆಲ್ಲ ಇಂಗ್ಲಿಷ್‌ನಲ್ಲೇ ಇರುತ್ತೆ, ಜರ್ಮನ್ ನಿಧಾನವಾಗಿ ಕಲಿತರಾಯಿತು, ಅಕ್ಷರಗಳಂತೂ ಅವೇ ಅಲ್ವಾ ಎಂದು ನೀನು ಅಂದೆಯಂತೆ. ಆ ಕೊನೆಯ ಮಾತು ಕೇಳಿ ಈ ಪತ್ರ ಬರೆಯಲು ಕೂತೆ. ಇಷ್ಟು ವರ್ಷ ಮಕ್ಕಳಿಗೆ ಜರ್ಮನ್ ಹೇಳಿಕೊಟ್ಟವಳಿಗೆ ಸುಮ್ಮನಿರಲು ಆಗುವುದಿಲ್ಲ.

ಅಕ್ಷರ ಅವೇ ಇರುವುದೇ ತೊಂದರೆ ಮಗಳೇ. ಗೊತ್ತಿಲ್ಲದ ಪದ ಕಂಡರೆ ನೀನು ನಿಂತು ಯಾರನ್ನಾದರೂ ಕೇಳುತ್ತೀಯ. ಗೊತ್ತಿರುವ ಹಾಗೆ ಕಾಣುವ ಪದವನ್ನು ಯಾರೂ ಕೇಳುವುದಿಲ್ಲ, ಓದಿ ಮುಂದೆ ಹೋಗಿಬಿಡುತ್ತಾರೆ. ನೀನು ಓದಲು ಹೋಗುತ್ತಿರುವುದು ರಸಾಯನಶಾಸ್ತ್ರ. ಹಾಗಾಗಿ ಒಂದು ಪದವನ್ನು ಇಲ್ಲಿಂದಲೇ ಸರಿಯಾಗಿ ಕಲಿತು ಹೋಗು. ಅದು ಗಿಫ್ಟ್.

ಇಂಗ್ಲಿಷ್‌ನಲ್ಲಿ ಗಿಫ್ಟ್ ಎಂದರೆ ಉಡುಗೊರೆ. ಜರ್ಮನ್‌ನಲ್ಲಿ ಅದೇ ನಾಲ್ಕು ಅಕ್ಷರ ಬರೆದರೆ ವಿಷ. ಅಲ್ಲಿ ಬಾಟಲಿಯ ಮೇಲೆ 'ಗಿಫ್ಟಿಗ್' ಎಂದಿದ್ದರೆ ವಿಷಕಾರಿ ಎಂದರ್ಥ. ವಿಷದ ಸಾಮಾನು ಇಡುವ ಬೀಗದ ಬೀರು 'ಗಿಫ್ಟ್‌ಶ್ರಾಂಕ್'. ಈಗ ಬಾಟಲಿಗಳ ಮೇಲೆ ತಲೆಬುರುಡೆಯ ಚಿತ್ರವೂ ಇರುತ್ತೆ, ನಿಜ. ಆದರೆ ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ಸುರಿದು ಯಾರೋ ಪೆನ್ನಿನಲ್ಲಿ ಬರೆದಿಟ್ಟ ಚೀಟಿಯಲ್ಲಿ ಚಿತ್ರ ಇರಬೇಕಲ್ಲ.

ಎರಡೂ ಭಾಷೆಯಲ್ಲಿ ಈ ಪದದ ಬೇರು ಒಂದೇ, 'ಕೊಡುವುದು'. ಕೊಟ್ಟದ್ದು ವಿಷವಾದದ್ದು ಹೇಗೆ? ಗ್ರೀಕ್ ವೈದ್ಯರು ರೋಗಿಗೆ ಒಂದು ಸಲಕ್ಕೆ ಕೊಡುವ ಮದ್ದನ್ನು 'ಡೋಸಿಸ್' ಎನ್ನುತ್ತಿದ್ದರು. ಅದಕ್ಕೂ ಕೊಡುವುದು ಎಂದೇ ಅರ್ಥ. ನಾವು ದಿನಾ ಹೇಳುವ ಡೋಸ್ ಬಂದದ್ದು ಅಲ್ಲಿಂದಲೇ. ಲ್ಯಾಟಿನ್ ದಾರಿಯಲ್ಲಿ ಬಂದ ಈ ಮಾತಿನ ಅರ್ಥವನ್ನು ಜರ್ಮನ್ನರು ತಮ್ಮ 'ಗಿಫ್ಟ್'ಗೆ ಹೊಂದಿಸಿಕೊಂಡರು. ಆಮೇಲೆ ಯಾರಿಗಾದರೂ ಕೆಟ್ಟದ್ದನ್ನು ಕೊಟ್ಟರೂ ನೇರವಾಗಿ ವಿಷ ಎನ್ನದೆ 'ಕೊಟ್ಟದ್ದು' ಎಂದರು. ಹಾಗೇ ಆಡುತ್ತಾ ಆಡುತ್ತಾ ಉಡುಗೊರೆಯ ಅರ್ಥ ಸವೆದು ವಿಷ ಒಂದೇ ಉಳಿಯಿತು. ನಮ್ಮ ಅಜ್ಜಿಯರು ಕಾಯಿಲೆಗೆ ಮದ್ದು ಕೊಡುತ್ತಿದ್ದರು. ಅವರೇ, ಯಾರೋ ಊಟದಲ್ಲಿ ಮದ್ದು ಹಾಕಿದರು ಎಂದೂ ಹೇಳುತ್ತಿದ್ದರು. ಜರ್ಮನ್ನರ ಮೇಲೆ ಆಶ್ಚರ್ಯಪಡುವ ಮೊದಲು ನಮ್ಮ ಆ ಮದ್ದನ್ನು ನೆನಪಿಸಿಕೋ.

ಪ್ಯಾರಾಸೆಲ್ಸಸ್ ಎಂಬ ಸ್ವಿಸ್ ಮೂಲದ ವೈದ್ಯನ ಹೆಸರು ನಿನ್ನ ಪಾಠದಲ್ಲಿ ಬಂದೇ ಬರುತ್ತೆ. 1538ರಲ್ಲಿ ಅವನು ಜರ್ಮನ್‌ನಲ್ಲಿ ಬರೆದ ಮಾತಿನ ಸಾರ ಇಷ್ಟು: ಎಲ್ಲವೂ ವಿಷವೇ, ವಿಷವಿಲ್ಲದ್ದು ಯಾವುದೂ ಇಲ್ಲ, ಒಂದು ವಸ್ತು ವಿಷವಾಗದಂತೆ ಮಾಡುವುದು ಅದರ ಪ್ರಮಾಣ ಮಾತ್ರ. ಆ ವಾಕ್ಯದಲ್ಲಿ ಗಿಫ್ಟ್ ಇದೆ, ಡೋಸಿಸ್ ಕೂಡ ಇದೆ. ಕೊಡುವುದು ಎಂಬ ಅರ್ಥದ ಎರಡು ಪದಗಳು ಒಂದೇ ವಾಕ್ಯದಲ್ಲಿ ಎದುರುಬದುರು ನಿಂತಿವೆ. ಜರ್ಮನ್ ಕಲಿತು ಈ ವಾಕ್ಯವನ್ನು ಅವನ ಭಾಷೆಯಲ್ಲೇ ಓದು. ನನಗೆ ಇವತ್ತಿಗೂ ಅದನ್ನು ಓದುವಾಗ ಮೈ ಜುಮ್ಮೆನ್ನುತ್ತೆ.

ಹಳೆಯ ಅರ್ಥ ಜರ್ಮನ್‌ನಲ್ಲಿ ಪೂರ್ತಿ ಹೋಗಿಲ್ಲ. 'ಮಿಟ್‌ಗಿಫ್ಟ್' ಎಂದರೆ ಮಗಳ ಜೊತೆಗೆ ಕೊಟ್ಟದ್ದು, ಅಂದರೆ ವರದಕ್ಷಿಣೆ. ಇನ್ನು ನಿನ್ನ ಹಾಸ್ಟೆಲ್‌ನಲ್ಲಿ ಸ್ವೀಡನ್ನಿನ ಹುಡುಗಿ ಸಿಕ್ಕರೆ ಅವಳ ಭಾಷೆಯಲ್ಲಿ ಇದೇ ಪದವನ್ನು 'ಯಿಫ್ಟ್' ಎನ್ನುತ್ತಾರೆ. ಅಲ್ಲಿ ಅದಕ್ಕೆ ವಿಷ ಎಂಬ ಅರ್ಥವೂ ಇದೆ, ಮದುವೆಯಾದವರು ಎಂಬ ಅರ್ಥವೂ ಇದೆ. ಈ ಎರಡನೆಯದು ಕೊಟ್ಟ ಹೆಣ್ಣು ಎಂಬುದರಿಂದ ಬಂದದ್ದು. ನಮ್ಮ ಕಡೆ ಇವತ್ತಿಗೂ 'ಮಗಳನ್ನ ಯಾವ ಊರಿಗೆ ಕೊಟ್ರಿ' ಎಂದೇ ಕೇಳುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ, ಹೆಣ್ಣು ಕೊಡುವ ವಸ್ತುವಲ್ಲ. ಸ್ವೀಡನ್ನಿನವರು ಈಗ ಆ ಪದವನ್ನು ಗಂಡಸಿಗೂ ಹೆಂಗಸಿಗೂ ಒಂದೇ ರೀತಿ ಬಳಸುತ್ತಾರೆ. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

ಎರಡನೆಯ ಪದ ಗಿಫ್ಟ್‌ಗಿಂತ ಜಾಸ್ತಿ ಸಲ ಕಣ್ಣಿಗೆ ಬೀಳುತ್ತೆ. ಇಂಗ್ಲಿಷ್‌ನಲ್ಲಿ 'ನಾಟ್' ಎಂದು ಓದುವ ಮೂರು ಅಕ್ಷರವನ್ನು ಜರ್ಮನ್‌ನಲ್ಲಿ 'ನೋಟ್' ಎನ್ನುತ್ತಾರೆ. ಅರ್ಥ ಸಂಕಟ, ತುರ್ತು. ಬಾಗಿಲ ಮೇಲೆ 'ನೋಟ್‌ಆಉಸ್‌ಗಾಂಗ್' ಎಂದಿದ್ದರೆ ಹೋಗಬೇಡ ಎಂದಲ್ಲ. ಬೆಂಕಿ ಬಿದ್ದಾಗ ಹೊರಗೆ ಓಡಬೇಕಾದ ಬಾಗಿಲೇ ಅದು. 'ನೋಟ್‌ಆಉಫ್‌ನಾಮೆ' ಎಂದರೆ ಆಸ್ಪತ್ರೆಯ ತುರ್ತು ವಿಭಾಗ. ಆಂಬುಲೆನ್ಸ್‌ಗೆ, ಅಗ್ನಿಶಾಮಕಕ್ಕೆ 112. ವಿಷ ಸೇವನೆಯಾದಾಗ ಕರೆ ಮಾಡುವ ಸಹಾಯವಾಣಿಗೆ 'ಗಿಫ್ಟ್‌ನೋಟ್‌ರೂಫ್' ಎನ್ನುತ್ತಾರೆ. ಇಂಗ್ಲಿಷ್ ಕಣ್ಣಿನಿಂದ ಓದಿದರೆ ಇದಕ್ಕೆ ತಲೆಬುಡ ಇಲ್ಲ. ಪ್ರಾಣಕ್ಕೆ ಬಂದಾಗ ಬೇಕಾಗುವ ಪದ ಇದು, ಈಗಲೇ ಬಾಯಿಪಾಠ ಮಾಡು.

ಹೋದ ಮೊದಲ ವಾರದಲ್ಲೇ 'ರಾಟ್‌ಹೌಸ್' ಎಂಬ ಹೆಸರು ಕಾಣುತ್ತೆ. ಸ್ಟುಟ್‌ಗಾರ್ಟ್‌ನಲ್ಲಿ ಆ ಹೆಸರಿನ ಟ್ರಾಮ್ ನಿಲ್ದಾಣವೇ ಇದೆ. ಇಂಗ್ಲಿಷ್‌ನಲ್ಲಿ ಇಲಿಗೆ ಬರೆಯುವ ಆ ಮೂರು ಅಕ್ಷರಕ್ಕೆ ಜರ್ಮನ್‌ನಲ್ಲಿ ಸಲಹೆ, ಸಭೆ ಎಂಬ ಅರ್ಥ. ಊರಿನ ಸಭೆ ಸೇರುವ ಪುರಭವನ ಅದು. ಅಂದಹಾಗೆ, ಹೊಸ ಮನೆಗೆ ಹೋದ 2 ವಾರದೊಳಗೆ ವಿಳಾಸ ನೋಂದಾಯಿಸಬೇಕು. ಕಾನೂನು ಅದು, ಮುಂದೂಡಬೇಡ.

ಗಂಟೆ ಕೇಳುವಾಗಲೂ ಹುಷಾರು. ಇಂಗ್ಲೆಂಡಿನವರು ಮಾತಿನಲ್ಲಿ 'ಹಾಫ್ ತ್ರೀ' ಎಂದರೆ ಮೂರೂವರೆ. ಜರ್ಮನ್ನರು 'ಹಾಲ್ಪ್ ದ್ರೈ' ಎಂದರೆ ಎರಡೂವರೆ, ಮೂರನೆಯ ಗಂಟೆ ಅರ್ಧ ಕಳೆದಿದೆ ಎಂಬ ಲೆಕ್ಕ. ಪ್ರೊಫೆಸರ್ ಎರಡೂವರೆಗೆ ಕರೆದು ನೀನು ಮೂರೂವರೆಗೆ ಹೋದರೆ ಒಳ್ಳೆಯದಾಗಿ ಕಾಣುವುದಿಲ್ಲ. ಸಂಖ್ಯೆಯಲ್ಲಿ ಬರೆಸಿಕೋ.

ಬೇರೆ ದೇಶದ ಮಕ್ಕಳ ಜೊತೆ ಇರುತ್ತೀಯ. ಗ್ರೀಕರು 'ನೆ' ಎಂದರೆ ಹೌದು. ಗಡಿ ದಾಟಿ ಬಲ್ಗೇರಿಯಕ್ಕೆ ಹೋದರೆ 'ನೆ' ಎಂದರೆ ಇಲ್ಲ. ಪೋಲೆಂಡಿನವರು ಮಾತಿನ ಮಧ್ಯೆ 'ನೋ' ಎಂದರೆ ಹೂಂ ಎಂದು ಒಪ್ಪಿದ್ದಾರೆ ಅಂತ. ಮುಖ್ಯವಾದ ವಿಷಯವಾದರೆ ಒಂದು ಅಕ್ಷರದ ಉತ್ತರಕ್ಕೆ ತೃಪ್ತಿಪಡಬೇಡ, ಪೂರ್ತಿ ವಾಕ್ಯ ಹೇಳಿಸಿಕೋ. ರಜೆಯಲ್ಲಿ ಇಟಲಿಗೆ ಹೋದರೆ ಸ್ನಾನದ ಮನೆಯಲ್ಲಿ 'ಸಿ' ಅಕ್ಷರದ ನಲ್ಲಿ ಬಿಸಿನೀರಿನದು. ಅವರ 'ಕಾಲ್ದೊ' ಎಂದರೆ ಬಿಸಿ, ಜರ್ಮನ್ನರ 'ಕಾಲ್ಟ್' ಎಂದರೆ ತಣ್ಣಗೆ. ಇವೆರಡಕ್ಕೂ ಸಂಬಂಧವೇ ಇಲ್ಲ, ಸುಮ್ನೆ ಧ್ವನಿ ಹೋಲುತ್ತೆ. ಗಿಫ್ಟ್‌ಗಳಾದರೋ ಒಂದೇ ತಾಯಿಯ ಮಕ್ಕಳು. ಬೇರೆ ಬೇರೆ ಮನೆಯಲ್ಲಿ ಬೆಳೆದು ಗುಣ ಬೇರೆಯಾಯಿತು. ಈ ವ್ಯತ್ಯಾಸ ನೋಡುವ ಅಭ್ಯಾಸ ಮಾಡಿಕೊಂಡರೆ ಭಾಷೆಯ ಮೇಲೆ ಪ್ರೀತಿ ತಾನಾಗಿ ಬರುತ್ತೆ.

ಇನ್ನೊಂದು ಮಾತು. ಸ್ವೀಡನ್ನಿನ ರಸ್ತೆಯಲ್ಲಿ, ಜರ್ಮನಿಯ ಹೆದ್ದಾರಿಯಲ್ಲಿ ಕೆಲವು ಫಲಕಗಳು ಇಂಗ್ಲಿಷ್ ಓದುವವರಿಗೆ ಕೆಟ್ಟದಾಗಿ ಕಾಣುತ್ತವೆ. ಅವು ವೇಗ, ನಿರ್ಗಮನ ದಾರಿ ಎಂಬ ಸಾಮಾನ್ಯ ಪದಗಳು. ಹುಡುಗರು ಅದರ ಮುಂದೆ ನಿಂತು ಫೋಟೋ ತೆಗೆದು ನಗುತ್ತಾರೆ. ನೀನು ಆ ಗುಂಪಿಗೆ ಸೇರಬೇಡ. ಅದು ಒಬ್ಬರ ತಾಯ್ನುಡಿ. ನಮ್ಮ ಶಿಕ್ಷೆ ಹಿಂದಿಯವರಿಗೆ ವಿದ್ಯಾಭ್ಯಾಸ, ನಮ್ಮ ಉಪನ್ಯಾಸ ಅವರಿಗೆ ಕಾದಂಬರಿ. ಯಾರಾದರೂ ಅದನ್ನು ಹಿಡಿದು ಕನ್ನಡವನ್ನು ಆಡಿಕೊಂಡರೆ ನಿನಗೆ ನೋವಾಗುವುದಿಲ್ವಾ?

ಫರ್ಡಿನೆಂಡ್ ಕಿಟೆಲ್ ಹುಟ್ಟಿನಿಂದ ಜರ್ಮನ್ನರು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದವರು, ಜನರ ಬಾಯಲ್ಲಿ ಪದ ಹೇಗೆ ಆಡುತ್ತೆ ಎಂದು ಕೇಳಿ ಕೇಳಿ ಬರೆದುಕೊಂಡರು. ಗಾದೆಗಳನ್ನೂ ಬಿಡಲಿಲ್ಲ. ಸುಮಾರು 70,000 ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅವರು ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಒಂದು ಭಾನುವಾರ ಹೋಗಿ ಬಾ. ಅವರು ನಮ್ಮ ಭಾಷೆಗೆ ಕೊಟ್ಟ ಗಮನದಲ್ಲಿ ಒಂದು ಪಾಲನ್ನಾದರೂ ನೀನು ಅವರ ಭಾಷೆಗೆ ಕೊಡು ಎಂದು ನನ್ನ ಆಸೆ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೋ. ಪದವನ್ನು ಒಂಟಿಯಾಗಿ ಬರೆಯಬೇಡ, ಅದು ಕಂಡ ವಾಕ್ಯ, ಕಂಡ ಜಾಗ ಎರಡನ್ನೂ ಬರೆದುಕೋ.

ಲ್ಯಾಬಿಗೆ ಸೇರುವಾಗ ಸುರಕ್ಷತೆಯ ತರಬೇತಿ ಕೊಟ್ಟು ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದು ಜರ್ಮನ್‌ನಲ್ಲಿ ಇದ್ದರೆ ಇಂಗ್ಲಿಷ್ ಪ್ರತಿ ಕೇಳು. ಕೇಳಲು ಸಂಕೋಚ ಬೇಡ. ಪೂರ್ತಿ ಓದಿ, ಅರ್ಥವಾದ ಮೇಲೇ ಸಹಿ ಹಾಕು. ಊರು ಸೇರಿದ ತಕ್ಷಣ ಅಮ್ಮನಿಗೆ ಫೋನ್ ಮಾಡು, ಆಮೇಲೆ ನನಗೆ.

ನಿನ್ನ ಪ್ರೀತಿಯ
ಸರೋಜತ್ತೆ