ಜೀಪಿನಲ್ಲಿ ಸಿಕ್ಕ ನಿನ್ನ ಪೆನ್‌ಡ್ರೈವ್

ಪ್ರೀತಿಯ ಗೆಳೆಯಾ,

ನಮ್ಮ ಕಕ್ಕಡ ತಿಂಗಳ ಮಳೆ ಮೂರು ದಿನದಿಂದ ಬಿಟ್ಟಿಲ್ಲ. ಕರೆಂಟ್ ನಿನ್ನೆಯೇ ಹೋಯಿತು. ಮದ್ದುಸೊಪ್ಪಿನ ಪಾಯಸ ತಿಂದು ಒಲೆ ಮುಂದೆ ಕೂತಿದ್ದೇನೆ. ಸುಮ್ನೆ ಕೂರುವ ಬದಲು ನಿನಗೆ ಬರೆಯೋಣ ಅನಿಸಿತು.

ಮೊನ್ನೆ ಜೀಪಿನ ಸೀಟಿನಡಿ ನಿನ್ನ ಹಳೇ ಪೆನ್‌ಡ್ರೈವ್ ಸಿಕ್ಕಿತು. ಮುಚ್ಚಳ ಇಲ್ಲ, ರಬ್ಬರ್ ಬ್ಯಾಂಡ್ ಸುತ್ತಿದ್ದೀಯ. ಹಾಕಿದರೆ ಮೊದಲು ಬಂದದ್ದೇ ಪ್ರಿಯಾಂಕಾ ಚೋಪ್ರಾಳ 'ಎಕ್ಸಾಟಿಕ್' ಹಾಡು! ವಿರಾಜಪೇಟೆ ಮದುವೆ ನೆನಪಿದೆಯಾ? ವಾಲಗದವರು ಊಟಕ್ಕೆ ಎದ್ದದ್ದೇ ತಡ, ನೀನು ಜೀಪಿನ ಬಾಗಿಲು ತೆರೆದಿಟ್ಟು ಇದನ್ನು ಹಾಕಿದ್ದೆ. ಕೊಡವರ ನಿಲುವಂಗಿ ಕುಪ್ಯ ತೊಟ್ಟಿದ್ದ ಅಜ್ಜ ಒಬ್ಬರು ಎರಡು ಹೆಜ್ಜೆ ಹಾಕಿ, "ಇದರಲ್ಲಿ ಕೊಂಬು ಎಲ್ಲಿ ಮಾರಾಯ?" ಅಂದಿದ್ದರು.

ಈಗ ಜೀಪಿನ ದೊಡ್ಡ ಸ್ಪೀಕರ್ ಕೆಟ್ಟಿದೆ. ಆ ಗುಡುಗುಡು ಬೀಟ್ ಇಲ್ಲ. ಅದಕ್ಕೇ ಇರಬೇಕು, ಆಕೆಯ ದನಿ ಮೊದಲ ಸಲ ಸರಿಯಾಗಿ ಕೇಳಿಸಿತು. ಒಳ್ಳೇ ದನಿ ಕಣೋ, ಸ್ವಲ್ಪ ಒಡಕು, ಬೆಚ್ಚಗಿನದು.

2000ದಲ್ಲಿ ವಿಶ್ವಸುಂದರಿ, ಆಮೇಲೆ ಸಿನಿಮಾ, 'ಫ್ಯಾಷನ್'ಗೆ ರಾಷ್ಟ್ರಪ್ರಶಸ್ತಿ, ಅದೆಲ್ಲ ನಿನಗೆ ಗೊತ್ತು. ಆದರೆ ಮೊದಲ ಸಿನಿಮಾ, 2002ರ 'ತಮಿಳನ್'ನಲ್ಲೇ ವಿಜಯ್ ಜೊತೆ ಹಾಡಿದ್ದಳು, ಅದು ಗೊತ್ತಿತ್ತಾ? ಹಾಡಿನ ಹುಚ್ಚು ಅಮೆರಿಕಕ್ಕೆ ಹೋದಾಗ ಹುಟ್ಟಿದ್ದಲ್ಲ.

2012ರಲ್ಲಿ ಅಮೆರಿಕದ ರ್ಯಾಪರ್ ವಿಲ್.ಐ.ಆಮ್ ಜೊತೆ 'ಇನ್ ಮೈ ಸಿಟಿ' ಬಂತು. ಅದೇ ವರ್ಷ 'ಇರೇಸ್'. ಮಾಡಿದವರು ಅಮೆರಿಕದ ಡಿಜೆ ಜೋಡಿ ದ ಚೈನ್‌ಸ್ಮೋಕರ್ಸ್. ಅವರು ಜಗತ್ತಿಗೆಲ್ಲ ಗೊತ್ತಾಗಿದ್ದು 2014ರಲ್ಲಿ, ಅಂದರೆ ಈಕೆ ಅವರಿಗಿಂತ ಮೊದಲೇ ಹೆಸರು ಮಾಡಿದ್ದಳು! 2013ರಲ್ಲಿ ಪಿಟ್‌ಬುಲ್ ಜೊತೆ 'ಎಕ್ಸಾಟಿಕ್'. ಮರುವರ್ಷ ಅಮೆರಿಕದ ಗಾಯಕಿ ಬಾನಿ ರೇಟ್‌ಳ 1991ರ ಹಾಡೊಂದನ್ನು ಮತ್ತೆ ಹಾಡಿದಳು. ಮೂಲ ಹಾಡು ಹೆಚ್ಚಾಗಿ ಪಿಯಾನೊ ಮೇಲೆ ನಿಂತು ಅಳಿಸುತ್ತದೆ. ಇವರು ಅದಕ್ಕೂ ಕ್ಲಬ್ಬಿನ ಬೀಟ್ ಹಾಕಿದರು. ನನಗೆ ಸಿಟ್ಟು ಬರುವುದು ಅಲ್ಲೇ. ಪಂದಿ ಕರಿಗೆ ಹುಳಿ ಕಾಚಂಪುಳಿ ಬೇಕು, ಸರಿ. ಪಾಯಸಕ್ಕೂ ಹಾಕಿದರೆ?

ಆಕೆ ತರಬೇಕಿದ್ದ ಆಲ್ಬಮ್ ಕೊನೆಗೂ ಬರಲಿಲ್ಲ. 2015ರಲ್ಲಿ ಅಮೆರಿಕದ 'ಕ್ವಾಂಟಿಕೊ' ಸೀರಿಯಲ್ ಸಿಕ್ಕಿತು, ಆಕೆ ನಟನೆಗೇ ಮರಳಿದಳು. 2017ರಲ್ಲಿ ಆಸ್ಟ್ರೇಲಿಯಾದ ಡಿಜೆ ವಿಲ್ ಸ್ಪಾರ್ಕ್ಸ್ ಜೊತೆ ಇನ್ನೊಂದು ಹಾಡು ಬಂತು, ಅಷ್ಟೇ. ಸೋತಳು ಅಂತ ನೀನು ಹೇಳ್ತೀಯ. ನನಗೆ ಹಾಗನಿಸಲ್ಲ. ಆ ಬೀಟ್ ಅವಳದಲ್ಲ, ಅಷ್ಟೇ. 'ಮೇರಿ ಕೋಮ್'ನಲ್ಲಿ ಹಾಡಿದ ಜೋಗುಳ ಕೇಳು. 'ವೆಂಟಿಲೇಟರ್' ಅನ್ನೋ ಮರಾಠಿ ಸಿನಿಮಾದಲ್ಲಿ ಅಪ್ಪನ ಮೇಲೆ ಹಾಡಿದ್ದನ್ನೂ ಕೇಳು. ಎರಡರಲ್ಲೂ ವಾದ್ಯ ಪಕ್ಕಕ್ಕೆ ಸರಿದು ದನಿಗೆ ಜಾಗ ಬಿಟ್ಟಿದೆ.

ಫೋನಲ್ಲಿ ಚಾರ್ಜ್ ಶೇ. 9 ಇದೆ. ಪುತ್ತರಿ ಹಬ್ಬಕ್ಕೆ ಬಾ, ಪೆನ್‌ಡ್ರೈವ್ ಕೊಡುತ್ತೇನೆ. ಸ್ಪೀಕರ್ ಮಾತ್ರ ರಿಪೇರಿ ಮಾಡಿಸಲ್ಲ.

ನಿನ್ನ,
ಮಡಿಕೇರಿಯ ಗೆಳೆಯ