ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ: ಇಂಧನದಲ್ಲಿನ ಧೂಳಿಗೂ ಒಬ್ಬರು ಹೊಣೆಯಾಗಲಿ

ಮಾನ್ಯ ರಕ್ಷಣಾ ಸಚಿವರೇ,

ಮುಂಚೂಣಿಯಲ್ಲಿ ಹೆಲಿಕಾಪ್ಟರ್‌ಗಳಿಗೆ ತುಂಬುವ ಇಂಧನದ ಶುದ್ಧತೆ ಕುರಿತು ಈ ಪತ್ರ. ಯುದ್ಧವಿಮಾನ ಖರೀದಿಯಂತೆ ಇದು ಮುಖಪುಟದ ಸುದ್ದಿಯಲ್ಲ, ಬಲ್ಲೆ.

ಸೇನಾ ವಿಮಾನ, ಹೆಲಿಕಾಪ್ಟರ್‌ಗಳಿಗೆ ಬಳಸುವ ಸೀಮೆಎಣ್ಣೆ ಜಾತಿಯ ಜೆಪಿ-8 ಇಂಧನ ಪೂರೈಕೆಯಾಗುವಾಗ ಅದರಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಘನಕಣ ಇರಕೂಡದು ಎಂಬ ನಿಯಮವಿದೆ. ತಕರಾರು ಇರುವುದು ಆಮೇಲಿನ ಪಯಣದ ಬಗ್ಗೆ. ಟ್ಯಾಂಕರ್‌ನಿಂದ ಮಡಚುವ ರಬ್ಬರ್ ಟ್ಯಾಂಕಿಗೆ, ಅಲ್ಲಿಂದ ಮರಳಿನಲ್ಲಿ ಎಳೆದಾಡಿದ ಪೈಪಿಗೆ ಅದು ಹರಿಯುತ್ತದೆ. ಒಂದೊಂದು ಜೋಡಣೆಯಲ್ಲೂ ತುಕ್ಕು, ರಬ್ಬರ್ ಪುಡಿ, ರೋಟರ್ ಗಾಳಿ ಎಬ್ಬಿಸಿದ ಧೂಳು ಒಳಸೇರಲು ಹೊಂಚು ಹಾಕಿರುತ್ತವೆ.

ಅಲ್ಲಿ ನಿಂತ ಸೈನಿಕನ ಕೈಯಲ್ಲಿರುವುದು ಗಾಜಿನ ಜಾಡಿ. ಇಂಧನ ಹಿಡಿದು ಗರಗರನೆ ತಿರುಗಿಸಿ, ಸುಳಿಯ ಬುಡದಲ್ಲಿ ಕಸ ಗುಡ್ಡೆಯಾಯಿತೇ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ. ಸುಮಾರು 40 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಚಿಕ್ಕ ಕಣ ಬರಿಗಣ್ಣಿಗೆ ಕಾಣದು. ಇಂಧನ ನಿಯಂತ್ರಕದ ಕವಾಟಗಳನ್ನು ಸವೆಸಲು ಅಷ್ಟು ದಪ್ಪ ಕಣ ಬೇಕಾಗಿಯೂ ಇಲ್ಲ. ಎಂಜಿನ್ನಿನೊಳಗೆ ಇಂಧನ ಸಿಂಪಡಿಸುವ ನಾಝಲ್ ಕಟ್ಟಿಕೊಂಡರಂತೂ ಸಿಂಪಡಣೆ ಅಡ್ಡಾದಿಡ್ಡಿಯಾಗಿ, ಶಾಖ ಒಂದೇ ಕಡೆ ಬಡಿದು ಎಂಜಿನ್ನಿನ ಒಳಭಾಗ ಸುಡುತ್ತದೆ.

ಖಚಿತ ಲೆಕ್ಕ ಬೇಕೆಂದರೆ 0.8 ಮೈಕ್ರಾನ್ ರಂಧ್ರಗಳ ಪೊರೆಯಲ್ಲಿ ಇಂಧನ ಸೋಸಿ, ಪೊರೆ ಒಣಗಿಸಿ, ಪ್ರಯೋಗಾಲಯದಲ್ಲಿ ತೂಗಬೇಕು. ಪ್ರಯೋಗಾಲಯ ಇರುವುದು ಹಿಂದೆಲ್ಲೋ. ವರದಿ ಕೈಸೇರುವಷ್ಟರಲ್ಲಿ ಇಂಧನ ಉರಿದು ಮುಗಿದಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ಪದ್ಧತಿಗೆ ಗುಣಮಟ್ಟ ನಿಯಂತ್ರಣ ಎಂದು ಹೆಸರು!

ಫಿಲ್ಟರ್ ಇದೆಯಲ್ಲ ಎನ್ನಬಹುದು ನಿಮ್ಮ ಅಧಿಕಾರಿಗಳು. ಇದೆ. ಕಸ ತುಂಬಿದಂತೆಲ್ಲ, ಅದರ ಒಳಬದಿ-ಹೊರಬದಿಯ ಒತ್ತಡದ ವ್ಯತ್ಯಾಸ ತೋರುವ ಮಾಪಕದ ಮುಳ್ಳು ಮೆಲ್ಲನೆ ಏರಬೇಕು. ಹರಿವು ಅಷ್ಟೇ ಇದ್ದೂ ಮುಳ್ಳು ಏಕಾಏಕಿ ಇಳಿದರೆ ಒಳಗಿನ ಪದರ ಹರಿದಿರುವ ಶಂಕೆ ಪಡಬೇಕು. ತರಬೇತಿಯಿಲ್ಲದವನು ಅದನ್ನೇ ಶುಭಸೂಚನೆ ಎಂದುಕೊಳ್ಳುತ್ತಾನೆ. ಮುಳ್ಳು ನಿಂತ ಜಾಗವನ್ನು ದಿನವೂ ಬರೆದಿಡದಿದ್ದರೆ ಇಳಿದದ್ದು ಗೊತ್ತಾಗುವುದಾದರೂ ಹೇಗೆ?

ಲೇಸರ್ ಬೆಳಕಿನಿಂದ ಕಣ ಎಣಿಸುವ ಉಪಕರಣಗಳು ಈಗ ಇವೆ. ಮುಂಚೂಣಿಯ ಪ್ರತಿ ಮರುಪೂರಣ ತಾಣಕ್ಕೂ ಒಂದನ್ನು ಕೊಡಿಸಿ. ನೀರಿನ ಹನಿಯನ್ನೂ ಗಾಳಿಗುಳ್ಳೆಯನ್ನೂ ಅವು ಕಣವೆಂದೇ ಎಣಿಸಿಬಿಡುತ್ತವೆ, ನಿಜ. ಆ ನೆಪದಲ್ಲಿ ಕಡತ ಮುಚ್ಚುವುದು ಬೇಡ. ನೀರೂ ಎಂಜಿನ್ನಿಗೆ ಬೇಡವಾದದ್ದೇ.

ಉಪಕರಣಕ್ಕಿಂತ ಮುಖ್ಯವಾದ ಬೇಡಿಕೆ ಇನ್ನೊಂದು. ಸಂಶಯ ಬಂದ ಕ್ಷಣ ಪಂಪ್ ನಿಲ್ಲಿಸುವ ಅಧಿಕಾರ, ಅವನ ದರ್ಜೆ ಏನೇ ಇರಲಿ, ಜಾಡಿ ಹಿಡಿದ ಸೈನಿಕನಿಗೆ ಲಿಖಿತವಾಗಿ ಸಿಗಲಿ. ಅವನ ಮಾತು ಮೀರಿ ತುಂಬಿಸಲೇಬೇಕಾದ ತುರ್ತಿದ್ದರೆ, ಆದೇಶಿಸುವ ಅಧಿಕಾರಿ ಅದೇ ದಾಖಲೆ ಪುಸ್ತಕದಲ್ಲಿ ಸಹಿ ಹಾಕಲಿ.

ಇಂತಿ,
ಒಬ್ಬ ನಾಗರಿಕ