ಭೂಪ್ರದಕ್ಷಿಣೆ ಮುಗಿಸಿದ್ದು ಮೆಗಲನ್ ಅಲ್ಲ

ಮಾನ್ಯರೇ,

ಭೂಮಿಯನ್ನು ಮೊದಲು ಸುತ್ತಿ ಬಂದವರು ಯಾರು ಎಂಬ ಪ್ರಶ್ನೆಗೆ ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ಇಂದಿಗೂ ‘ಮೆಗಲನ್’ ಎಂಬ ಉತ್ತರ ಕಾಣಸಿಗುವುದು ಸರಿಯಲ್ಲ. ಪೋರ್ಚುಗಲ್‌ನಲ್ಲಿ ಹುಟ್ಟಿ ಸ್ಪೇನ್ ದೊರೆಯ ಸೇವೆಗೆ ಸೇರಿದ ಮೆಗಲನ್, 1519ರ ಸೆಪ್ಟೆಂಬರ್‌ನಲ್ಲಿ ಐದು ಹಡಗುಗಳೊಂದಿಗೆ ಹೊರಟು, ದಕ್ಷಿಣ ಅಮೆರಿಕದ ತುದಿಯ ಜಲಸಂಧಿಯ ಮೂಲಕ ಪೆಸಿಫಿಕ್ ಸಾಗರಕ್ಕೆ ದಾರಿ ಕಂಡುಕೊಂಡದ್ದು ನಿಜ. ಆದರೆ 1521ರ ಏಪ್ರಿಲ್ 27ರಂದು ಫಿಲಿಪ್ಪೀನ್ಸ್‌ನ ಮಕ್ಟಾನ್ ದ್ವೀಪದಲ್ಲಿ, ಸ್ಥಳೀಯ ಮುಖಂಡರ ಜಗಳದಲ್ಲಿ ಅನಗತ್ಯವಾಗಿ ತಲೆಹಾಕಿ ಆತ ಹತನಾದ. ಲವಂಗ ತುಂಬಿದ ‘ವಿಕ್ಟೋರಿಯಾ’ ಹಡಗನ್ನು 1522ರ ಸೆಪ್ಟೆಂಬರ್‌ನಲ್ಲಿ ಸ್ಪೇನ್‌ಗೆ ಮರಳಿ ತಂದವನು ಉತ್ತರ ಸ್ಪೇನ್‌ನ ಬಾಸ್ಕ್ ಜನಾಂಗದ ನಾವಿಕ ಹುವಾನ್ ಸೆಬಾಸ್ಟಿಯನ್ ಎಲ್ಕಾನೊ. ಹೊರಟಿದ್ದ ಸುಮಾರು 240 ಮಂದಿಯಲ್ಲಿ ಆ ಹಡಗಿನಲ್ಲಿ ಬಂದಿಳಿದವರು 18 ಜನ ಮಾತ್ರ.

ಈ ಯಾನದ ಮುಖ್ಯ ಆಕರ, ಹಡಗಿನಲ್ಲಿ ಜೊತೆಗಿದ್ದ ಇಟಲಿಯ ಅಂತೋನಿಯೊ ಪಿಗಫೆಟ್ಟಾನ ದಿನಚರಿ. ಪೆಸಿಫಿಕ್ ದಾಟುವಾಗ ಹಡಗಿನ ಹಾಯಿಯ ಅಡ್ಡಮರಕ್ಕೆ ಹೊದಿಸಿದ್ದ ಚರ್ಮವನ್ನು ನಾಲ್ಕೈದು ದಿನ ಸಮುದ್ರದ ನೀರಿನಲ್ಲಿ ನೆನೆಸಿ, ಕೆಂಡದ ಮೇಲೆ ಸುಟ್ಟು ತಿಂದುದನ್ನೂ, ಒಂದೊಂದು ಇಲಿ ಅರ್ಧ ಡಕಟ್‌ಗೆ (ಆಗಿನ ಚಿನ್ನದ ನಾಣ್ಯ) ಮಾರಾಟವಾದುದನ್ನೂ ಬರೆದಿಟ್ಟ ಇದೇ ಪಿಗಫೆಟ್ಟಾ, ಎಲ್ಕಾನೊನ ಹೆಸರನ್ನು ಒಮ್ಮೆಯೂ ಎತ್ತುವುದಿಲ್ಲ. ಆತ ಮೆಗಲನ್‌ನ ಅಭಿಮಾನಿ. ಎಲ್ಕಾನೊ 1520ರಲ್ಲಿ ಮೆಗಲನ್ ವಿರುದ್ಧದ ದಂಗೆಯಲ್ಲಿ ಸೇರಿಕೊಂಡಿದ್ದವನು. ಈ ಮೌನಕ್ಕೆ ಕಾರಣ ಅದೇ ಇರಬೇಕೆಂದು ನನ್ನ ಊಹೆ.

ಕೈಪಿಡಿಗಳ ಪ್ರಕಾಶಕರು ಮುಂದಿನ ಮುದ್ರಣದಲ್ಲಾದರೂ ಯಾನವನ್ನು ಆರಂಭಿಸಿದವನು ಮೆಗಲನ್, ಪೂರ್ಣಗೊಳಿಸಿದವನು ಎಲ್ಕಾನೊ ಎಂದು ತಿದ್ದಲಿ.

– ಇತಿಹಾಸಾಸಕ್ತ ಓದುಗ, ಧಾರವಾಡ